ಹಿತ್ತಲಿಗೆ ಹೇಜಲ್‌ನಟ್ ಒಳ್ಳೆಯದಾ, ಸೋಂಪು ಒಳ್ಳೆಯದಾ? (ಒರೆಗಾನ್, ವಿಲ್ಲಾಮೆಟ್ ಕಣಿವೆ)

ಹಿಲ್ಸ್‌ಬರೋ ಹಿತ್ತಲು

ಎಲ್ಲರಿಗೂ ನಮಸ್ಕಾರ. ನಾವು ಒರೆಗಾನ್‌ನ ಹಿಲ್ಸ್‌ಬರೋದಲ್ಲಿದ್ದೇವೆ. ಹಿತ್ತಲಲ್ಲಿ ಉತ್ತರದ ಬೇಲಿಗೆ ಸೇರಿದಂತೆ ಸುಮಾರು 25 ಅಡಿ ಉದ್ದ, 15 ಅಡಿ ಅಗಲದ ಜಾಗ ಖಾಲಿ ಇದೆ. ದಿನವಿಡೀ ಬಿಸಿಲು ಬೀಳುತ್ತದೆ. ಮಣ್ಣು ಜೇಡಿ. ಮಳೆಗಾಲದಲ್ಲಿ ಕಾಲಿಗೆ ಅಂಟುತ್ತದೆ, ಆಗಸ್ಟ್‌ನಲ್ಲಿ ಬಿರುಕು ಬಿಡುತ್ತದೆ.

ನಮ್ಮ ಯಜಮಾನರಿಗೆ ಹೇಜಲ್‌ನಟ್ ಮರ ಬೇಕು. ಇಲ್ಲಿಂದ ಹತ್ತು ನಿಮಿಷ ಕಾರಿನಲ್ಲಿ ಹೋದರೆ ಸಾಲು ಸಾಲು ತೋಟ ಕಾಣುತ್ತದೆ, ಇಷ್ಟು ಚೆನ್ನಾಗಿ ಬರುವ ಬೆಳೆಯನ್ನು ಬಿಟ್ಟು ಬೇರೆ ಏಕೆ ಅನ್ನುತ್ತಾರೆ. ಅತ್ತೆಯವರಿಗೆ ಸೋಂಪು ಬೇಕು. ಊಟವಾದ ಮೇಲೆ ಬಾಯಿಗೆ ಹಾಕಿಕೊಳ್ಳಲು, ಕಷಾಯಕ್ಕೆ. ಅವರು ವರ್ಷದಲ್ಲಿ ಬೇಸಿಗೆ ಮಾತ್ರ ಇಲ್ಲಿರುತ್ತಾರೆ. ಆ ಸಮಯಕ್ಕೆ ಕೈಗೆ ಸಿಗುವ ಗಿಡ ಇರಲಿ ಅನ್ನುವುದು ಅವರ ಆಸೆ.

ಎರಡನ್ನೂ ಬೆಳೆದವರು ಇದ್ದರೆ ದಯವಿಟ್ಟು ಹೇಳಿ. ಯಾವುದಕ್ಕೆ ಕೆಲಸ ಜಾಸ್ತಿ? ಎಷ್ಟು ವರ್ಷ ಕಾಯಬೇಕು? ಒಂದನ್ನೇ ಆರಿಸಬೇಕಾದರೆ ಯಾವುದು?

ಬೀವರ್ಟನ್ ಅಕ್ಕ

ಮೊದಲು ಒಂದು ವಿಷಯ ಕೇಳುತ್ತೇನೆ. ಅತ್ತೆಯವರು ಕೇಳುತ್ತಿರುವುದು ಯಾವ ಗಿಡ? ಇಂಡಿಯನ್ ಅಂಗಡಿಯಲ್ಲಿ ಸಿಗುವ ಉದ್ದನೆಯ ಹಸಿರು ಕಾಳು ಬಡೇಸೋಪು. ಅದು ಆಳೆತ್ತರ ಬೆಳೆಯುತ್ತದೆ, ವರ್ಷ ವರ್ಷ ಬುಡದಿಂದ ಮತ್ತೆ ಚಿಗುರುತ್ತದೆ, ಬೀಜ ಉದುರಿ ಎಲ್ಲೆಂದರಲ್ಲಿ ಹುಟ್ಟುತ್ತದೆ. ಪಕ್ಕದ ವಾಷಿಂಗ್ಟನ್ ರಾಜ್ಯದಲ್ಲಿ ಅದನ್ನು ಕಳೆಗಳ ಪಟ್ಟಿಗೆ ಸೇರಿಸಿದ್ದಾರೆ. ನೀವು ಹೇಳುತ್ತಿರುವ ಸೋಂಪು ಚಿಕ್ಕ, ದುಂಡಗಿನ, ಬೂದು ಬಣ್ಣದ ಕಾಳಿನದಾ? ಅದು ಒಂದೇ ವರ್ಷದ ಗಿಡ, ಎರಡು ಅಡಿ ಮುಟ್ಟಿದರೆ ಹೆಚ್ಚು. ಪಲಾವಿಗೆ ಹಾಕುವ ಚಕ್ರಮೊಗ್ಗಿಗೂ ಇವೆರಡಕ್ಕೂ ಸಂಬಂಧವೇ ಇಲ್ಲ, ಅದು ಮರ. ಮೂರಕ್ಕೂ ಒಂದೇ ಪರಿಮಳ ಬರುವುದು ಅನೆಥೋಲ್ ಎಂಬ ಎಣ್ಣೆ ಅಂಶದಿಂದ.

ತೋಟದಲ್ಲಿ ಈ ವ್ಯತ್ಯಾಸ ದೊಡ್ಡದು. ಬಡೇಸೋಪು ಹಾಕಿದರೆ ಜಾಗ ಅದರದ್ದಾಗುತ್ತದೆ. ಸೋಂಪು ಹಾಕಿದರೆ ಸೆಪ್ಟೆಂಬರ್‌ಗೆ ಜಾಗ ನಿಮಗೆ ವಾಪಸ್.

ಹಿಲ್ಸ್‌ಬರೋ ಹಿತ್ತಲು

ಚಿಕ್ಕ ಕಾಳಿನದೇ ಅಕ್ಕ. ಅವರು ಡಬ್ಬಿ ತೆಗೆದು ತೋರಿಸಿದರು.

ಸೇಲಂ ತೋಟ

ನಾನು ಎರಡನ್ನೂ ಬೆಳೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಏಕೆಂದರೆ ಹೇಜಲ್‌ನಟ್ ವಿಷಯದಲ್ಲಿ ನರ್ಸರಿಯವರು ಅರ್ಧ ಮಾತ್ರ ಹೇಳಿ ಕಳಿಸುತ್ತಾರೆ.

ಹೇಜಲ್‌ನಟ್ ಹಾಕುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಮಣ್ಣಿನದಲ್ಲ, ನೀರಿನದಲ್ಲ. ಪರಾಗ ಎಲ್ಲಿಂದ ಬರುತ್ತದೆ ಅನ್ನುವುದು. ಒಂದೇ ಮರದಲ್ಲಿ ಗಂಡು ಹೂವೂ ಇರುತ್ತದೆ, ಹೆಣ್ಣು ಹೂವೂ ಇರುತ್ತದೆ. ಆದರೆ ತನ್ನ ಪರಾಗ ತನಗೆ ಆಗುವುದಿಲ್ಲ. ಅದೇ ತಳಿಯ ಇನ್ನೊಂದು ಮರ ಪಕ್ಕದಲ್ಲಿದ್ದರೂ ಉಪಯೋಗವಿಲ್ಲ. ಬೇರೆ ತಳಿ ಬೇಕು, ಆ ಬೇರೆ ತಳಿಯೂ ಹೊಂದುವಂಥದ್ದೇ ಆಗಿರಬೇಕು, ಎರಡೂ ಒಂದೇ ಸಮಯಕ್ಕೆ ಹೂ ಬಿಡಬೇಕು. ಇಷ್ಟೆಲ್ಲ ಕೂಡಿ ಬಂದರೆ ಮಾತ್ರ ಕಾಯಿ. ಒಂದೇ ಮರ ಹಾಕಿ ವರ್ಷಗಟ್ಟಲೆ ಕಾದು ಕೂತವರು ನಮ್ಮ ಬೀದಿಯಲ್ಲೇ ಇದ್ದಾರೆ. ಮರ ಚೆನ್ನಾಗಿದೆ, ಎಲೆ ಚೆನ್ನಾಗಿದೆ, ಕಾಯಿ ಇಲ್ಲ.

ಹೂ ಬಿಡುವುದು ಯಾವಾಗ ಗೊತ್ತಾ? ಜನವರಿ, ಫೆಬ್ರವರಿಯಲ್ಲಿ. ಮರದಲ್ಲಿ ಒಂದು ಎಲೆಯೂ ಇರುವುದಿಲ್ಲ. ಗಂಡು ಹೂ ಹಳದಿ ಜಾಲರಿಯ ಹಾಗೆ ಜೋತು ಬೀಳುತ್ತವೆ, ದೂರದಿಂದಲೇ ಕಾಣುತ್ತವೆ. ಹೆಣ್ಣು ಹೂ ಹುಡುಕಬೇಕು. ಮೊಗ್ಗಿನ ತುದಿಯಲ್ಲಿ ನಾಲ್ಕಾರು ಕೆಂಪು ಎಳೆ, ಅಷ್ಟೇ. ಜೇನುಹುಳ ಬೇಕಿಲ್ಲ, ಗಾಳಿಯೇ ಪರಾಗ ಹೊತ್ತು ತರುತ್ತದೆ. ನನಗೆ ಇಂದಿಗೂ ಆಶ್ಚರ್ಯ ಎನ್ನಿಸುವುದು ಮುಂದಿನ ಭಾಗ. ಪರಾಗ ಬಿದ್ದಾಗ ಹೆಣ್ಣು ಹೂವಿನ ಒಳಗೆ ಕಾಯಿ ಕಟ್ಟುವ ಭಾಗ ಇನ್ನೂ ತಯಾರಾಗಿರುವುದೇ ಇಲ್ಲ. ಪರಾಗ ಒಳಗೆ ಹೋಗಿ ಸುಮ್ನೆ ಕಾಯುತ್ತದೆ. ನಿಜವಾದ ಫಲೀಕರಣ ಆಗುವುದು ಮೇ ಕೊನೆ, ಜೂನ್ ಹೊತ್ತಿಗೆ. ನಾಲ್ಕೈದು ತಿಂಗಳ ಅಂತರ. ಬೇರೆ ಹಣ್ಣಿನ ಮರಗಳಲ್ಲಿ ಇದು ದಿನಗಳ ಲೆಕ್ಕ.

ಇನ್ನೊಂದು, ರೋಗ. ಪೂರ್ವ ಅಮೆರಿಕದ ಕಾಡು ಹೇಜಲ್ ಗಿಡಗಳಲ್ಲಿ ಒಂದು ಶಿಲೀಂಧ್ರ ಇದೆ, ಈಸ್ಟರ್ನ್ ಫಿಲ್ಬರ್ಟ್ ಬ್ಲೈಟ್ ಅನ್ನುತ್ತಾರೆ. ಅಲ್ಲಿನ ಗಿಡಕ್ಕೆ ಅದರಿಂದ ದೊಡ್ಡ ತೊಂದರೆ ಇಲ್ಲ. ಯುರೋಪಿನಿಂದ ತಂದ ತೋಟದ ಹೇಜಲ್‌ಗೆ ಅದು ಸಾವು. 1960ರ ದಶಕದ ಕೊನೆಯಲ್ಲಿ ವಾಷಿಂಗ್ಟನ್ ರಾಜ್ಯದ ನೈಋತ್ಯ ಭಾಗದಲ್ಲಿ ಕಾಣಿಸಿಕೊಂಡು, ಆಮೇಲೆ ನಿಧಾನವಾಗಿ ನಮ್ಮ ಕಣಿವೆಗೆ ಇಳಿಯಿತು. ಕೊಂಬೆಯ ತೊಗಟೆ ಮೇಲೆ ಸಾಲಾಗಿ ಕಪ್ಪು ಗುಬುಟುಗಳು ಏಳುತ್ತವೆ. ಆ ಕೊಂಬೆ ಒಣಗುತ್ತದೆ, ನಂತರ ಮುಂದಿನದು, ಕೊನೆಗೆ ಮರ. ಆಗ ಇಲ್ಲಿ ಇದ್ದ ಮುಖ್ಯ ತಳಿಗಳು ಬಾರ್ಸಿಲೋನಾ, ಎನ್ನಿಸ್. ಎರಡಕ್ಕೂ ತಡೆದುಕೊಳ್ಳುವ ಶಕ್ತಿ ಸಾಲಲಿಲ್ಲ.

ಉಳಿಸಿದ್ದು ಯಾರಿಗೂ ಬೇಡವಾಗಿದ್ದ ಒಂದು ತಳಿ. ರೋಗದಿಂದ ಸತ್ತ ತೋಟಗಳ ನಡುವೆ ಗ್ಯಾಸವೇ ಎಂಬ ಹಳೆಯ ತಳಿಯ ಮರಗಳು ಮಾತ್ರ ಹಸಿರಾಗಿ ನಿಂತಿದ್ದವು. ಅದರ ಇಳುವರಿ ಕಮ್ಮಿ, ಕಾಯಿ ಚಿಕ್ಕದು. ಸುಮ್ನೆ ಪರಾಗಕ್ಕೆ ಅಂತ ಹಾಕಿದ್ದ ಮರ. ಅದರಲ್ಲಿದ್ದ ಒಂದೇ ಒಂದು ಜೀನ್ ರೋಗ ತಡೆಯುತ್ತಿತ್ತು. ಕೊರ್ವಾಲಿಸ್‌ನ ಒರೆಗಾನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಶಾನ್ ಮೆಹ್ಲೆನ್‌ಬ್ಯಾಕರ್ ಎಂಬ ವಿಜ್ಞಾನಿ 1986ರಿಂದ ಈ ಕೆಲಸದಲ್ಲಿ ತೊಡಗಿ, ಆ ಗುಣವನ್ನು ಒಳ್ಳೆಯ ತಳಿಗಳಿಗೆ ಸೇರಿಸಿದರು. 2008ರಲ್ಲಿ ಯಾಮ್‌ಹಿಲ್, 2009ರಲ್ಲಿ ಜೆಫರ್ಸನ್ ಬಂದವು. ಈಗ ನೀವು ಕಾರಿನಿಂದ ನೋಡುವ ಹೊಸ ತೋಟಗಳೆಲ್ಲ ಹೆಚ್ಚಾಗಿ ಈ ಸಾಲಿನ ತಳಿಗಳೇ. ಹಾಗಾಗಿ ಹಳೆಯ ಬಾರ್ಸಿಲೋನಾ ಸಸಿಯನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ತೆಗೆದುಕೊಳ್ಳಬೇಡಿ. ಈಚಿನ ವರ್ಷಗಳಲ್ಲಿ ನಿರೋಧಕ ತಳಿಗಳ ಮೇಲೂ ರೋಗ ಕಾಣಿಸಿದೆ. ಅದಕ್ಕೇ ಚಳಿಗಾಲದಲ್ಲಿ ಒಮ್ಮೆ ಕೊಂಬೆಗಳನ್ನು ಹತ್ತಿರದಿಂದ ನೋಡುವ ಅಭ್ಯಾಸ ಇರಲಿ.

ಕಾಯುವುದು ಎಷ್ಟು ಅಂತ ಕೇಳಿದ್ದೀರಿ. ಮೂರು ನಾಲ್ಕನೇ ವರ್ಷಕ್ಕೆ ಮೊದಲ ಬೊಗಸೆ ಕಾಯಿ. ಏಳೆಂಟು ವರ್ಷಕ್ಕೆ ನಿಜವಾದ ಫಸಲು. ಚೆನ್ನಾಗಿ ನೋಡಿಕೊಂಡ ಬಲಿತ ಮರ ಒಳ್ಳೆಯ ವರ್ಷದಲ್ಲಿ ಸುಮಾರು 10 ಕೆಜಿ ಕೊಡುತ್ತದೆ, ಮುಂದಿನ ವರ್ಷ ಕಮ್ಮಿ ಮಾಡುತ್ತದೆ. ದಶಕಗಟ್ಟಲೆ ಬದುಕುತ್ತದೆ.

ಸೋಂಪಿನ ಬಗ್ಗೆ ಬೀವರ್ಟನ್ ಅಕ್ಕನೇ ಬರೆಯಲಿ, ಅವರ ಮಡಿ ನನ್ನದಕ್ಕಿಂತ ಚೆನ್ನಾಗಿದೆ.

ಬೀವರ್ಟನ್ ಅಕ್ಕ

ಬರೆಯುತ್ತೇನೆ. ಸೋಂಪಿಗೆ ಬೇಕಾಗಿರುವುದು ಮೂರ್ನಾಲ್ಕು ತಿಂಗಳ ಹಿಮವಿಲ್ಲದ, ಬೆಚ್ಚಗಿನ, ಕೊನೆಯಲ್ಲಿ ಒಣ ಹವೆ. ಅದು ಪೂರ್ವ ಮೆಡಿಟರೇನಿಯನ್ ಕಡೆಯ ಗಿಡ, ಈಜಿಪ್ಟ್, ಟರ್ಕಿ, ಸಿರಿಯಾ ಸುತ್ತಮುತ್ತ. ನಮ್ಮ ಕಣಿವೆಯಲ್ಲಿ ಜುಲೈ, ಆಗಸ್ಟ್‌ನಲ್ಲಿ ಮಳೆಯೇ ಇಲ್ಲ ಅನ್ನುವಷ್ಟು ಕಮ್ಮಿ. ಅದು ಸೋಂಪಿಗೆ ಹೇಳಿ ಮಾಡಿಸಿದ ಹವೆ.

ಮೇ ತಿಂಗಳಲ್ಲಿ ಹಿಮದ ಭಯ ಹೋದ ಮೇಲೆ, ಮಣ್ಣು ಬೆಚ್ಚಗಾದ ಮೇಲೆ, ನೇರವಾಗಿ ಮಡಿಗೇ ಬಿತ್ತಬೇಕು. ಅರ್ಧ ಇಂಚು ಆಳ ಸಾಕು. ಕುಂಡದಲ್ಲಿ ಸಸಿ ಮಾಡಿ ಕಿತ್ತು ನೆಡುವುದು ಬೇಡ. ಇದರ ತಾಯಿಬೇರು ಉದ್ದ, ಕಿತ್ತರೆ ಕೊರಗುತ್ತದೆ. ಮೊಳಕೆಗೆ ಎರಡು ವಾರವಾದರೂ ಬೇಕು, ಕೆಲವೊಮ್ಮೆ ಇನ್ನೂ ಜಾಸ್ತಿ. ಈ ಸಮಯದಲ್ಲಿ ಮೇಲ್ಮಣ್ಣು ಒಣಗಬಾರದು. ನಿಮ್ಮ ಜೇಡಿಯಲ್ಲಿ ಮೇಲೆ ಹೆಪ್ಪುಗಟ್ಟಿದರೆ ಮೊಳಕೆ ಹೊರಗೇ ಬರುವುದಿಲ್ಲ. ಏರುಮಡಿ ಮಾಡಿ, ಕಾಂಪೋಸ್ಟ್ ಸೇರಿಸಿ.

ಬೀಜ ಹೊಸದಿರಬೇಕು. ಅಡುಗೆ ಡಬ್ಬಿಯಲ್ಲಿ ಕೂತ ಕಾಳು ಬಿತ್ತಿದರೆ ಹತ್ತಕ್ಕೆ ಒಂದೆರಡು ಹುಟ್ಟಬಹುದು, ಹುಟ್ಟದೆಯೂ ಇರಬಹುದು.

ಮೊದಲ ಎಲೆ ನೋಡಿ ಗಾಬರಿಯಾಗಬೇಡಿ. ದುಂಡಗೆ, ಅಂಚಿಗೆ ಹಲ್ಲಿರುವ ಎಲೆ ಬರುತ್ತದೆ, ಕೊತ್ತಂಬರಿಯ ಹಾಗೆಯೇ. ಮೇಲಕ್ಕೆ ಹೋದಂತೆ ಎಲೆ ಸಣ್ಣ ಸಣ್ಣದಾಗಿ ಸೀಳಿಕೊಳ್ಳುತ್ತದೆ. ಒಂದು ಗೇಣು ಅಂತರ ಉಳಿಸಿ ಉಳಿದದ್ದನ್ನು ಕಿತ್ತುಬಿಡಿ, ಕಿತ್ತ ಎಲೆ ಸಾರಿಗೆ, ಕೋಸಂಬರಿಗೆ ಹಾಕಬಹುದು. ಕಾಂಡ ಬಲವಿಲ್ಲದ್ದು, ಗಾಳಿಗೆ ಮಲಗುತ್ತದೆ. ಬೇಲಿ ಪಕ್ಕದ ಜಾಗ ಅನ್ನುವುದು ಈ ಕಾರಣಕ್ಕೆ ಒಳ್ಳೆಯದು.

ಹೂ ಬಿಟ್ಟ ಮೇಲೆ ತಲೆ ಮೇಲಿಂದ ನೀರು ಚಿಮುಕಿಸಬೇಡಿ. ಬುಡಕ್ಕೆ ಹಾಕಿ, ಕಾಳು ಬಲಿಯುವಾಗ ಅದನ್ನೂ ಕಮ್ಮಿ ಮಾಡಿ. ಕಾಳು ಹಸಿರು ಕಳೆದು ಬೂದು ಬಣ್ಣಕ್ಕೆ ತಿರುಗಿದಾಗ ಬೆಳಿಗ್ಗೆ ಹೊತ್ತು ಕಾಂಡ ಸಮೇತ ಕತ್ತರಿಸಿ, ಕಾಗದದ ಚೀಲದಲ್ಲಿ ತಲೆಕೆಳಗೆ ಕಟ್ಟಿ ನೇತು ಹಾಕಿ. ಒಣಗಿದಾಗ ತಾನಾಗಿಯೇ ಉದುರುತ್ತದೆ. ಎಲ್ಲ ಒಟ್ಟಿಗೆ ಹಣ್ಣಾಗುವುದಿಲ್ಲ, ಹಾಗಾಗಿ ಕಾದು ಕೂತರೆ ಮೊದಲಿನದು ನೆಲಕ್ಕೆ ಹೋಗುತ್ತದೆ.

ಇಳುವರಿ ಅಂತ ದೊಡ್ಡದಾಗಿ ಹೇಳುವಂಥದ್ದಿಲ್ಲ. ಒಂದು ಚಿಕ್ಕ ಮಡಿಗೆ ಒಂದೆರಡು ಡಬ್ಬಿ. ಆದರೆ ಆ ವರ್ಷದ ಕಾಳಿನ ಪರಿಮಳ ಅಂಗಡಿಯದ್ದಕ್ಕೆ ಎಲ್ಲಿ ಬರುತ್ತದೆ! ನಿಮ್ಮ ಅತ್ತೆಯವರು ಕೇಳುತ್ತಿರುವುದು ಸರಿಯಾದದ್ದನ್ನೇ.

ಯೂಜೀನ್ ಹಸಿರು

ಒಂದು ಎಚ್ಚರಿಕೆ, ಇದನ್ನು ಯಾರೂ ಬಿಡಬಾರದು. ನಮ್ಮ ಕಣಿವೆಯಲ್ಲಿ ರಸ್ತೆ ಬದಿ, ಹಳ್ಳದ ಬದಿ ಪಾಯ್ಸನ್ ಹೆಮ್ಲಾಕ್ ಎಂಬ ವಿಷದ ಗಿಡ ತುಂಬಾ ಇದೆ. ಸೋಂಪಿನ ಕುಟುಂಬದ್ದೇ. ಹೂ ಬಿಳಿ, ಕೊಡೆಯ ಆಕಾರ, ಎಲೆ ಸೀಳು ಸೀಳು. ತಿಂದರೆ ಜೀವಕ್ಕೆ ಅಪಾಯ. ಅದರ ಕಾಂಡ ನುಣುಪು, ಒಳಗೆ ಟೊಳ್ಳು, ಮೇಲೆ ನೇರಳೆ ಕಲೆಗಳು. ಆಳಿಗಿಂತ ಎತ್ತರ ಹೋಗುತ್ತದೆ. ಎಲೆ ಹಿಚುಕಿದರೆ ಕೆಟ್ಟ ವಾಸನೆ. ಬೇಲಿಯಾಚೆಯಿಂದ ಬೀಜ ಬಂದು ಮಡಿಯಲ್ಲಿ ಹುಟ್ಟಬಹುದು.

ನೀವೇ ಬಿತ್ತಿದ ಸಾಲಿನಲ್ಲಿ ಇರುವುದನ್ನು ಮಾತ್ರ ಕೊಯ್ಯಿರಿ. ಸಾಲಿನಿಂದ ಹೊರಗೆ ಹುಟ್ಟಿದ್ದನ್ನು "ಸೋಂಪೇ ಇರಬೇಕು" ಅಂತ ಬಾಯಿಗೆ ಹಾಕಬೇಡಿ. ಮಕ್ಕಳಿಗೂ, ಊರಿಂದ ಬಂದ ಹಿರಿಯರಿಗೂ ಇದನ್ನು ಮೊದಲ ದಿನವೇ ತೋರಿಸಿ ಹೇಳಿ. ಊರಲ್ಲಿ ಗದ್ದೆ ಬದುವಿನಿಂದ ಸೊಪ್ಪು ಕೊಯ್ದು ಅಭ್ಯಾಸ ಇರುವವರು ಇಲ್ಲಿಯೂ ಹಾಗೆಯೇ ಕೈ ಹಾಕುತ್ತಾರೆ.

ವ್ಯಾಂಕೂವರ್ ಅಪ್ಪ

(ವಾಷಿಂಗ್ಟನ್ ರಾಜ್ಯದ ವ್ಯಾಂಕೂವರ್.) ಮನೆಯಲ್ಲಿ ಮಕ್ಕಳಿಗೆ ನಟ್ ಅಲರ್ಜಿ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ನಮ್ಮ ಮಗಳಿಗೆ ಇದೆ, ಅದಕ್ಕೇ ನಾವು ಹೇಜಲ್‌ನಟ್ ಯೋಚನೆಯನ್ನೇ ಬಿಟ್ಟೆವು. ತಿನ್ನುವುದು ಮಾತ್ರವಲ್ಲ, ಅಳಿಲು ಕಾಯಿ ಒಡೆದು ಸಿಪ್ಪೆ, ಚೂರು ಎಲ್ಲೆಡೆ ಚೆಲ್ಲುತ್ತದೆ. ಚಿಕ್ಕ ಮಕ್ಕಳು ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುತ್ತಾರೆ.

ಪರಾಗದ ವಿಷಯ ಬೇರೆ. ಬರ್ಚ್ ಮರದ ಪರಾಗ ಆಗದವರಿಗೆ ಹೇಜಲ್ ಪರಾಗವೂ ತೊಂದರೆ ಕೊಡುತ್ತದೆ, ಕೆಲವರಿಗೆ ಕಾಯಿ ತಿಂದಾಗ ಬಾಯಿ ತುರಿಸುತ್ತದೆ. ಸೋಂಪು ಪೂರ್ತಿ ಸುರಕ್ಷಿತ ಅಂತಲೂ ಅಲ್ಲ, ಸೆಲರಿ ಅಲರ್ಜಿ ಇರುವವರು ಅದೇ ಕುಟುಂಬದ ಮಸಾಲೆಗಳ ವಿಷಯದಲ್ಲಿ ಡಾಕ್ಟರನ್ನು ಕೇಳಿಕೊಳ್ಳುವುದು ಒಳ್ಳೆಯದು.

ಹಿಲ್ಸ್‌ಬರೋ ಹಿತ್ತಲು

ಅಲರ್ಜಿ ಯಾರಿಗೂ ಇಲ್ಲ ಸರ್, ಆದರೂ ನೆನಪಿಸಿದ್ದಕ್ಕೆ ಥ್ಯಾಂಕ್ಸ್. ಹೆಮ್ಲಾಕ್ ಫೋಟೋ ಅತ್ತೆಗೆ ತೋರಿಸಿದೆ. ನಮ್ಮ ವಾಕಿಂಗ್ ದಾರಿಯಲ್ಲಿ ಅದೇ ಇದೆ ಅಂದರು!

ಮಡಿಕೇರಿ ಮಂಜು

ನಾನು ಕೊಡಗಿನಿಂದ. ಇಲ್ಲಿ ಚಳಿ ಇದೆ, ಮಳೆ ಇದೆ, ಎತ್ತರ ಇದೆ. ಹೇಜಲ್‌ನಟ್ ಬರುತ್ತದಾ? ಆನ್‌ಲೈನ್‌ನಲ್ಲಿ ಸಸಿ ಮಾರುತ್ತಿದ್ದಾರೆ.

ಸೇಲಂ ತೋಟ

ದುಡ್ಡು ಹಾಕಬೇಡಿ. ಹೇಜಲ್‌ನಟ್‌ಗೆ ಚಳಿಗಾಲದಲ್ಲಿ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ನೂರಾರು ಗಂಟೆ ಬೇಕು. ಹೆಚ್ಚಿನ ತಳಿಗಳಿಗೆ 800ರಿಂದ 1200 ಗಂಟೆ. ಮಡಿಕೇರಿಯ ಚಳಿ ನಮಗೆ ಚಳಿ, ಆ ಮರಕ್ಕೆ ಅಲ್ಲ. ಎಲೆಮೊಗ್ಗು, ಗಂಡು ಹೂ, ಹೆಣ್ಣು ಹೂ ಮೂರಕ್ಕೂ ಬೇರೆ ಬೇರೆ ಲೆಕ್ಕ ಇರುತ್ತದೆ. ಲೆಕ್ಕ ತುಂಬದಿದ್ದರೆ ಮೊಗ್ಗು ಸರಿಯಾಗಿ ಒಡೆಯುವುದಿಲ್ಲ. ಸಸಿ ಬದುಕಬಹುದು, ಕಾಯಿ ಬರುವುದಿಲ್ಲ.

ಚಂಬಾ ದಾರಿ

ಭಾರತದಲ್ಲಿ ಹೇಜಲ್‌ನಟ್ ಇಲ್ಲವೇ ಇಲ್ಲ ಅಂತಲ್ಲ. ಹಿಮಾಚಲದ ಚಂಬಾ ಜಿಲ್ಲೆಯ ಪಾಂಗಿ ಕಣಿವೆಯಲ್ಲಿ ಕಾಡಿನಲ್ಲೇ ಬೆಳೆಯುತ್ತದೆ. ಅಲ್ಲಿ ಅದನ್ನು ಥಾಂಗಿ ಅನ್ನುತ್ತಾರೆ. ಕಾಯಿ ಚಿಕ್ಕದು, ಸಿಪ್ಪೆ ಗಟ್ಟಿ, ತಿರುಳು ಬಲು ರುಚಿ. ಕಾಡಿನಿಂದ ಆರಿಸಿ ತಂದು ಮಾರುವುದು ಅಲ್ಲಿನ ಜನಕ್ಕೆ ಒಂದು ಆದಾಯ. ಹಿಮ ಬಿದ್ದು ತಿಂಗಳುಗಟ್ಟಲೆ ದಾರಿ ಮುಚ್ಚುವ ಜಾಗ ಅದು. ಆ ಚಳಿ ನೋಡಿದ ಮೇಲೆ ಸೇಲಂನವರು ಹೇಳಿದ ಲೆಕ್ಕ ಅರ್ಥವಾಗುತ್ತದೆ.

ಧಾರವಾಡ ಎರೆಮಣ್ಣು

ಮಡಿಕೇರಿಯವರೇ, ಸೋಂಪು ಬೇಕಾದರೆ ನೋಡ್ರಿ. ನಮ್ಮ ಕಡೆ ಹಿಂಗಾರಿನಲ್ಲಿ ಎರೆಭೂಮಿಗೆ ಕೊತ್ತಂಬರಿ ಬಿತ್ತುತ್ತೇವೆ, ಇಬ್ಬನಿ ಮೇಲೆಯೇ ಬರುತ್ತದೆ. ಸೋಂಪಿಗೂ ಹೆಚ್ಚು ಕಡಿಮೆ ಅದೇ ಕಾಲ. ಅಕ್ಟೋಬರ್ ಕೊನೆಗೆ ಬಿತ್ತಿ, ಫೆಬ್ರವರಿಗೆ ಕೊಯ್ಯುವ ಹಾಗೆ. ನಾನು ಮನೆ ಮಹಡಿ ಮೇಲೆ ಆಳದ ಕುಂಡದಲ್ಲಿ ಬೆಳೆಯುತ್ತೇನೆ. ಕುಂಡ ಒಂದು ಅಡಿ ಆಳ ಇರಬೇಕು, ಇಲ್ಲದಿದ್ದರೆ ಬೇರಿಗೆ ಜಾಗ ಸಾಲುವುದಿಲ್ಲ. ನಿಮ್ಮಲ್ಲಿ ಮಳೆ ಪೂರ್ತಿ ನಿಂತ ಮೇಲೆಯೇ ಬಿತ್ತಿರಿ. ಮಾರ್ಚ್ ಬಿಸಿಲು ಏರುವ ಮೊದಲು ಕಾಳು ಕಟ್ಟಬೇಕು. ಸಸ್ಯಹೇನು ಬೀಳುವುದೊಂದೇ ಕಾಟ, ಬೇವಿನೆಣ್ಣೆ ಸಿಂಪಡಿಸಿದರೆ ತಡೆಯಬಹುದು, ಹೂ ಬಿಡುವ ಮೊದಲೇ ಸಿಂಪಡಿಸಿ.

ಕೆಂಟ್ ಕನ್ನಡತಿ

ಇಂಗ್ಲೆಂಡಿನ ಕೆಂಟ್‌ನಿಂದ ನಾನೊಂದು ಮಾತು ಸೇರಿಸುತ್ತೇನೆ. ಇಲ್ಲಿ ಲೆಕ್ಕ ಪೂರ್ತಿ ಒಂದು ಕಡೆ ವಾಲುತ್ತದೆ. ಸೋಂಪು ಹೂ ಬಿಡುತ್ತದೆ, ಆದರೆ ಬೇಸಿಗೆ ಚಿಕ್ಕದು. ಕಾಳು ಬಲಿಯುವ ಹೊತ್ತಿಗೆ ಮಳೆ ಬಂದು ಕಪ್ಪಾಗುತ್ತದೆ. ಒಳ್ಳೆಯ ಬಿಸಿಲಿನ ವರ್ಷ ಬಿಟ್ಟರೆ ಎಲೆಗೆ ಮಾತ್ರ ಬೆಳೆದ ಹಾಗೆ. ಹೇಜಲ್ ಮಾತ್ರ ಇಲ್ಲಿಯ ಮಣ್ಣಿನ ಮಗು. ಬೇಲಿಗಳಲ್ಲೆಲ್ಲ ತಾನಾಗಿ ಬೆಳೆಯುತ್ತದೆ.

ನಮ್ಮ ಜಿಲ್ಲೆಯ ಕೆಂಟಿಷ್ ಕಾಬ್ ಹೆಸರಾದ ತಳಿ. 1830ರ ಸುಮಾರಿಗೆ ಲ್ಯಾಂಬರ್ಟ್ ಎಂಬವರು ಪರಿಚಯಿಸಿದ್ದು. ಇಲ್ಲಿಯ ವಿಶೇಷ ಏನೆಂದರೆ ಕಾಯಿಯನ್ನು ಹಸಿಯಾಗಿಯೇ, ಹಸಿರು ಹೊದಿಕೆ ಸಮೇತ, ಆಗಸ್ಟ್ ಕೊನೆಯಿಂದ ಮಾರುತ್ತಾರೆ. ಹಸಿ ಕಾಯಿ ಕಡಿದರೆ ಎಳನೀರಿನ ಗಂಜಿಗೂ ಬಟಾಣಿಗೂ ನಡುವಿನ ರುಚಿ. ಮರವನ್ನು ಎತ್ತರಕ್ಕೆ ಬಿಡುವುದಿಲ್ಲ. ಆರಡಿಗೆ ಕತ್ತರಿಸಿ, ಮಧ್ಯ ತೆರೆದು, ಬಟ್ಟಲಿನ ಆಕಾರಕ್ಕೆ ತರುತ್ತಾರೆ. ಆಗಸ್ಟ್‌ನಲ್ಲಿ ಆ ವರ್ಷದ ಬಲವಾದ ಕೊಂಬೆಗಳನ್ನು ಕೈಯಿಂದ ಅರ್ಧ ಮುರಿದು ಹಾಗೆಯೇ ನೇತಾಡಲು ಬಿಡುತ್ತಾರೆ. ಗಾಳಿ ಬೆಳಕು ಒಳಗೆ ಬರುತ್ತದೆ, ಹೂಮೊಗ್ಗು ಜಾಸ್ತಿ ಕಟ್ಟುತ್ತದೆ. ಚಿಕ್ಕ ಹಿತ್ತಲಿನವರಿಗೆ ಈ ಪದ್ಧತಿ ಬಹಳ ಉಪಯೋಗ, ನೆಲದ ಮೇಲೆ ನಿಂತೇ ಕಾಯಿ ಬಿಡಿಸಬಹುದು.

ಇನ್ನೊಂದು ಲಾಭ ಯಾರೂ ಹೇಳಲಿಲ್ಲ. ಬುಡದಿಂದ ಬರುವ ಕಂದುಗಳು ನೇರ, ಗಟ್ಟಿ. ನಾನು ಅವನ್ನು ಕತ್ತರಿಸಿ ಅವರೆ, ಬೀನ್ಸ್ ಬಳ್ಳಿಗೆ ಆಸರೆ ಕೊಡುತ್ತೇನೆ. ಕಡ್ಡಿ ಕೊಳ್ಳುವ ಕೆಲಸವೇ ಇಲ್ಲ.

ಯೂಜೀನ್ ಹಸಿರು

ಕಂದು ತೆಗೆಯುವ ಕೆಲಸವನ್ನು ಕೆಲಸ ಅಂತಲೇ ಲೆಕ್ಕ ಹಿಡಿಯಬೇಕು. ಇಲ್ಲಿ ತೋಟದವರು ಒಂದೇ ಕಾಂಡದ ಮರ ಮಾಡುತ್ತಾರೆ, ಎಳೆಯ ಮರಕ್ಕೆ ವರ್ಷದಲ್ಲಿ ಮೂರ್ನಾಲ್ಕು ಸಲ ಕಂದು ಕತ್ತರಿಸಬೇಕು. ಪೊದೆಯಾಗಿಯೇ ಬಿಟ್ಟರೆ ಕೆಲಸ ಕಮ್ಮಿ, ಕಾಯಿ ಆರಿಸುವುದು ಕಷ್ಟ. ಕಾಯಿ ಹಣ್ಣಾದಾಗ ತಾನಾಗಿ ನೆಲಕ್ಕೆ ಬೀಳುತ್ತದೆ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ನೆಲ ಚೊಕ್ಕವಾಗಿರಬೇಕು. ಅಳಿಲು, ನೀಲಿ ಬಣ್ಣದ ಜೇ ಹಕ್ಕಿ ನಿಮಗಿಂತ ಮೊದಲು ಎದ್ದಿರುತ್ತವೆ, ದಿನಾ ಆರಿಸಿ.

ಹೇಜಲ್‌ನಟ್ ತೋಟ ಹೇಗಿರುತ್ತದೆ ಅಂತ ಯಜಮಾನರಿಗೆ ನೋಡಬೇಕಿದ್ದರೆ ನಮ್ಮ ಪಕ್ಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಡಾರಿಸ್ ರಾಂಚ್ ಇದೆ. ಅಮೆರಿಕದ ಮೊದಲ ವಾಣಿಜ್ಯ ಹೇಜಲ್‌ನಟ್ ತೋಟ ಅಂತ ಅದಕ್ಕೆ ಹೆಸರು, ಈಗ ಸಾರ್ವಜನಿಕ ಪಾರ್ಕ್. ಒಮ್ಮೆ ಕರೆದುಕೊಂಡು ಬನ್ನಿ. ಈ ದೇಶದ ಹೇಜಲ್‌ನಟ್ ಫಸಲಿನಲ್ಲಿ ನೂರಕ್ಕೆ 99 ಭಾಗ ಒರೆಗಾನ್‌ನದ್ದು. 1989ರಿಂದ ಇದು ರಾಜ್ಯದ ಅಧಿಕೃತ ಕಾಯಿ ಕೂಡ. ಪ್ರಪಂಚದ ಲೆಕ್ಕಕ್ಕೆ ಬಂದರೆ ಟರ್ಕಿಯೇ ಮುಂದೆ, ಅಲ್ಲಿ ಕಪ್ಪು ಸಮುದ್ರದ ದಂಡೆಯ ಓರ್ಡು, ಗಿರೆಸುನ್ ಕಡೆ ಗುಡ್ಡಗಳೆಲ್ಲ ಇದೇ.

ನೆರಳು ಜಾಸ್ತಿ ಇರುವ ಹಿತ್ತಲಿನವರಿಗೆ ಇನ್ನೊಂದು ದಾರಿ ಇದೆ. ಇಲ್ಲಿಯದೇ ಕಾಡು ಹೇಜಲ್, ಕಾಯಿಯ ಹೊದಿಕೆ ಹಕ್ಕಿಯ ಕೊಕ್ಕಿನ ಹಾಗೆ ಚಾಚಿರುತ್ತದೆ. ಡಗ್ಲಸ್ ಫರ್ ಮರಗಳ ಕೆಳಗೂ ಬದುಕುತ್ತದೆ. ಈ ಕಣಿವೆಯ ಮೂಲ ನಿವಾಸಿ ಕಲಪೂಯಾ ಜನ ನೆಲಕ್ಕೆ ಹದವಾಗಿ ಬೆಂಕಿ ಕೊಟ್ಟು ಈ ಗಿಡಗಳನ್ನು ಕಾಪಾಡಿಕೊಂಡಿದ್ದರು. ಬೆಂಕಿಯ ನಂತರ ಬರುವ ನೇರ ಕಡ್ಡಿಗಳಿಂದ ಬುಟ್ಟಿ ಹೆಣೆಯುತ್ತಿದ್ದರು. ಸೋಂಪಿಗೆ ನೆರಳು ಆಗುವುದೇ ಇಲ್ಲ.

ಬೀವರ್ಟನ್ ಅಕ್ಕ

ತೋಟಕ್ಕೆ ಬರುವ ಜೀವಿಗಳ ಮಾತೂ ಹೇಳಬೇಕು. ಸೋಂಪು ಹೂ ಬಿಟ್ಟಾಗ ಸಣ್ಣ ಸಣ್ಣ ಕಣಜ, ಹೂನೊಣ ಮುತ್ತುತ್ತವೆ. ಇವು ಸಸ್ಯಹೇನಿನ ಶತ್ರುಗಳು. ನನ್ನ ಬೆಂಡೆ, ಮೆಣಸಿನ ಮಡಿ ಪಕ್ಕದಲ್ಲೇ ಸೋಂಪು ಹಾಕುವುದು ಇದಕ್ಕೇ. ಹಸಿರು ಮೈಗೆ ಕಪ್ಪು ಪಟ್ಟೆ, ಹಳದಿ ಚುಕ್ಕೆ ಇರುವ ಕಂಬಳಿಹುಳ ಕಂಡರೆ ಕೊಲ್ಲಬೇಡಿ. ಅದು ಅನಿಸ್ ಸ್ವಾಲೋಟೇಲ್ ಚಿಟ್ಟೆಯ ಮರಿ. ಈ ಕುಟುಂಬದ ಗಿಡಗಳನ್ನೇ ತಿಂದು ಬೆಳೆಯುತ್ತದೆ. ಅದಕ್ಕೆ ಎರಡು ಗಿಡ ಬಿಟ್ಟುಕೊಡಿ.

ಹೇಜಲ್‌ನ ಗಂಡು ಹೂವಿಗೆ ಜನವರಿಯಲ್ಲೂ ಬಿಸಿಲಿದ್ದ ದಿನ ಜೇನು ಬರುತ್ತದೆ, ಪರಾಗ ಒಯ್ಯಲು.

ಸೇಲಂ ತೋಟ

ಈಗ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಇವೆರಡರಲ್ಲಿ ಒಂದನ್ನು ಆರಿಸುವ ಅಗತ್ಯವೇ ನಿಮಗಿಲ್ಲ. ಹೇಜಲ್ ಮರ ಚಿಕ್ಕದಿರುವ ಮೊದಲ ನಾಲ್ಕೈದು ವರ್ಷ ಅದರ ಸುತ್ತಲಿನ ಬಿಸಿಲು ಸುಮ್ನೆ ವ್ಯರ್ಥ. ಆ ಬಿಸಿಲು ಸೋಂಪಿಗೆ ಸಾಕು. ಸೋಂಪು ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ವಾರಕ್ಕೆ ಕೊಯ್ಲು. ಕಾಯಿ ಬೀಳುವ ಹೊತ್ತಿಗೆ ನೆಲ ಖಾಲಿ. ಮರದ ನೆರಳು ಹರಡುವ ಹೊತ್ತಿಗೆ ಸೋಂಪಿನ ಮಡಿಯನ್ನು ಬೇರೆ ಕಡೆ ಸರಿಸಿದರಾಯಿತು, ವರ್ಷದ ಗಿಡಕ್ಕೆ ಅದೇನು ಕಷ್ಟವಲ್ಲ. ಮನೆ ಬಾಡಿಗೆಯದ್ದಾದರೆ, ಅಥವಾ ಮೂರು ವರ್ಷದಲ್ಲಿ ಬೇರೆ ಊರಿಗೆ ಹೋಗುವ ಯೋಚನೆ ಇದ್ದರೆ, ಆಗ ಮಾತ್ರ ಸೋಂಪು ಒಂದೇ ಸಾಕು.

ಯೂಜೀನ್ ಹಸಿರು

ಸೇಲಂ ಅವರೇ, ಇಲ್ಲಿ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಎಳೆಯ ಹೇಜಲ್ ಸಾಯುವುದು ಮುಖ್ಯವಾಗಿ ಮೊದಲೆರಡು ಬೇಸಿಗೆಯಲ್ಲಿ ನೀರು ಸಾಲದೆ. ಅದರ ಬೇರು ಮೇಲ್ಮಣ್ಣಿನಲ್ಲೇ ಹರಡುತ್ತದೆ. ಬುಡದ ಹತ್ತಿರ ಇನ್ನೊಂದು ಬೆಳೆ ಇದ್ದರೆ ನೀರು ಹಂಚಿಹೋಗುತ್ತದೆ. ಅದೂ ಅಲ್ಲದೆ ಆಗಸ್ಟ್‌ನಲ್ಲಿ ಎಳೆ ಮರಕ್ಕೆ ನೀರು ಬೇಕೇ ಬೇಕು, ಅದೇ ಸಮಯಕ್ಕೆ ಸೋಂಪಿಗೆ ನೀರು ನಿಲ್ಲಿಸಬೇಕು. ಎರಡಕ್ಕೂ ಒಂದೇ ಪೈಪು ಹೇಗೆ?

ಸೇಲಂ ತೋಟ

ಸರಿಯಾದ ಮಾತು. ಬುಡಕ್ಕೆ ಅಂಟಿಸಿ ಹಾಕಿ ಅಂತ ನಾನು ಹೇಳುವುದಿಲ್ಲ. ಮರದ ಸುತ್ತ ನಾಲ್ಕು ಅಡಿ ಬರಿ ಮರದ ಚಕ್ಕೆ ಹೊದಿಸಬೇಕು, ಅಲ್ಲಿ ಕಳೆಯೂ ಇರಬಾರದು. ಅದರಾಚೆ ಸೋಂಪಿನ ಏರುಮಡಿ. ಮರಕ್ಕೆ ಬೇರೆ ಡ್ರಿಪ್, ಮಡಿಗೆ ಬೇರೆ ಡ್ರಿಪ್. ಒಂದೇ ಸ್ಪ್ರಿಂಕ್ಲರ್‌ನಲ್ಲಿ ಎರಡನ್ನೂ ನೋಡಿಕೊಳ್ಳುವುದಾದರೆ ನಿಮ್ಮ ಆಕ್ಷೇಪಣೆ ನೂರಕ್ಕೆ ನೂರು ನಿಜ.

ಹಿಲ್ಸ್‌ಬರೋ ಹಿತ್ತಲು

ನಾವು ಸ್ವಂತ ಮನೆ ಮಾಡಿಕೊಂಡಿದ್ದೇವೆ, ಎಲ್ಲಿಗೂ ಹೋಗುವುದಿಲ್ಲ. ಹಾಗಾದರೆ ಎರಡೂ! ನನ್ನ ಜಾಗಕ್ಕೆ ಹೇಗೆ ಹಾಕಲಿ ಅಂತ ಸ್ವಲ್ಪ ಬಿಡಿಸಿ ಹೇಳುತ್ತೀರಾ? ಎರಡು ಮರ ಹಿಡಿಸುತ್ತದಾ?

ಸೇಲಂ ತೋಟ

ಹಿಡಿಸುತ್ತದೆ. ಬೇಲಿ ಉತ್ತರಕ್ಕಿದೆ ಅಂದಿರಿ, ಅದು ನಿಮ್ಮ ಅದೃಷ್ಟ. ಮರಗಳನ್ನು ಬೇಲಿಯ ಕಡೆಗೆ, ಬೇಲಿಯಿಂದ ಆರು ಅಡಿ ಬಿಟ್ಟು ಹಾಕಿ. ಎರಡು ತುದಿಯಿಂದ ಐದೈದು ಅಡಿ ಬಿಟ್ಟರೆ ಮರಗಳ ನಡುವೆ 15 ಅಡಿ ಸಿಗುತ್ತದೆ. ಸೋಂಪು ದಕ್ಷಿಣದ ಅಂಚಿಗೆ ಬರಲಿ, ಮರ ಬೆಳೆದರೂ ಅದರ ನೆರಳು ಬೇಲಿ ಕಡೆಗೇ ಬೀಳುತ್ತದೆ.

ತಳಿ: ಒಂದು ಜೆಫರ್ಸನ್, ಒಂದು ಥೀಟಾ. ಥೀಟಾ ಸಿಗದಿದ್ದರೆ ಈಟಾ. ಜೆಫರ್ಸನ್ ತಡವಾಗಿ ಹೂ ಬಿಡುತ್ತದೆ, ಈ ಎರಡೂ ಅದಕ್ಕೆ ಹೊಂದುವಂತೆ ಬಿಡುಗಡೆ ಮಾಡಿದ ಪರಾಗದ ತಳಿಗಳು. ಯಾಮ್‌ಹಿಲ್ ಮರ ಚಿಕ್ಕದು, ಹಿತ್ತಲಿಗೆ ಚೆಂದ, ಆದರೆ ಅದಕ್ಕೆ ಜೊತೆ ಯಾವುದು ಅಂತ ನರ್ಸರಿಯಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಿ. "ಇಲ್ಲಿ ಎಲ್ಲೆಲ್ಲೂ ತೋಟ ಇದೆ, ಪರಾಗ ತಾನೇ ಬರುತ್ತದೆ" ಅನ್ನುವವರ ಮಾತು ಕೇಳಬೇಡಿ. ಬರುವ ಪರಾಗ ನಿಮ್ಮ ತಳಿಗೆ ಹೊಂದಬೇಕಲ್ವಾ?

ಚಳಿಗಾಲದಲ್ಲಿ, ಎಲೆ ಇಲ್ಲದ, ಮಣ್ಣಿಲ್ಲದ ಬೇರಿನ ಸಸಿ ಸಿಗುತ್ತದೆ. ಅದೇ ಅಗ್ಗ, ಅದೇ ಚೆನ್ನಾಗಿ ಹಿಡಿಯುತ್ತದೆ. ನೀರು ನಿಲ್ಲುವ ಗುಂಡಿಯಲ್ಲಿ ನೆಡಬೇಡಿ. ನಿಮ್ಮ ಜೇಡಿಯಲ್ಲಿ ಸ್ವಲ್ಪ ದಿಬ್ಬ ಮಾಡಿ ಅದರ ಮೇಲೆ ನೆಡಿ. ನಮ್ಮ ಕಡೆ ಮಣ್ಣು ಹುಳಿ, ಪರೀಕ್ಷೆ ಮಾಡಿಸಿ ಪಿಎಚ್ 6ಕ್ಕಿಂತ ಕೆಳಗಿದ್ದರೆ ಸುಣ್ಣ ಸೇರಿಸಿ. ನೆಟ್ಟ ಮೇಲೆ ಕಾಂಡಕ್ಕೆ ಬಿಳಿ ಲೇಟೆಕ್ಸ್ ಪೇಂಟಿಗೆ ಅಷ್ಟೇ ನೀರು ಬೆರೆಸಿ ಬಳಿಯಿರಿ, ಇಲ್ಲದಿದ್ದರೆ ಬೇಸಿಗೆಯ ಸಂಜೆ ಬಿಸಿಲಿಗೆ ತೊಗಟೆ ಸುಟ್ಟು ಬಿರಿಯುತ್ತದೆ. ಜಿಂಕೆ ಬರುವ ಜಾಗವಾದರೆ ತಂತಿಯ ಗೂಡು ಕಟ್ಟಿ.

ಕೆಂಟ್ ಕನ್ನಡತಿ

ಕಾಯಿ ಬಂದ ಮೇಲೆ ಏನು ಮಾಡುತ್ತೀರಿ ಅಂತಲೂ ಹೇಳಿ. ನಾವು ಸಿಹಿಗೆ ಮಾತ್ರ ಬಳಸುತ್ತೇವೆ.

ಸೇಲಂ ತೋಟ

ಚಟ್ನಿಪುಡಿ. ಶೇಂಗಾ ಚಟ್ನಿಪುಡಿ ಮಾಡುವ ಕ್ರಮವೇ, ಶೇಂಗಾ ಬದಲು ಹೇಜಲ್‌ನಟ್. ತಿರುಳನ್ನು ಓವನ್‌ನಲ್ಲಿ 275 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ 20 ನಿಮಿಷ ಹುರಿದು, ಬಿಸಿಯಿರುವಾಗಲೇ ಒರಟು ಬಟ್ಟೆಯಲ್ಲಿ ಕಟ್ಟಿ ಉಜ್ಜಿದರೆ ಕಹಿ ಸಿಪ್ಪೆ ಬಿಡುತ್ತದೆ. ಬ್ಯಾಡಗಿ ಮೆಣಸು, ಬೆಳ್ಳುಳ್ಳಿ, ಜೀರಿಗೆ, ಸ್ವಲ್ಪ ಹುಣಸೆ, ಉಪ್ಪು. ಎಣ್ಣೆ ಅಂಶ ಜಾಸ್ತಿ, ಅದಕ್ಕೇ ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮನೆ ತಿರುಗಿಸಿದರೆ ಮುದ್ದೆಯಾಗುತ್ತದೆ. ರೊಟ್ಟಿ ಜೊತೆ ಬಹಳ ಚೆನ್ನ.

ಹುರಿಯುವ ಮೊದಲು ಕಾಯಿ ಚೆನ್ನಾಗಿ ಒಣಗಿರಬೇಕು. ಆರಿಸಿ ತಂದ ಕೂಡಲೇ ನೀರಿನ ಬಕೆಟ್‌ಗೆ ಹಾಕಿ ನೋಡಿ, ತೇಲುವುದು ಹೆಚ್ಚಾಗಿ ಜೊಳ್ಳು. ಉಳಿದದ್ದನ್ನು ಬೆಚ್ಚಗಿನ, ಗಾಳಿಯಾಡುವ ಕಡೆ ತೆಳ್ಳಗೆ ಹರಡಿ. ಕಡಿದಾಗ ಕಟ್ ಅಂತ ಮುರಿಯಬೇಕು.

ಬೀವರ್ಟನ್ ಅಕ್ಕ

ಹಿಲ್ಸ್‌ಬರೋದವರೇ, ನನ್ನ ಹತ್ತಿರ ಕಳೆದ ಬೇಸಿಗೆಯ ಸೋಂಪಿನ ಬೀಜ ಇದೆ, ಹೊಸದು. ಬಂದು ತೆಗೆದುಕೊಂಡು ಹೋಗಿ, ಅತ್ತೆಯವರನ್ನೂ ಕರೆದುಕೊಂಡು ಬನ್ನಿ. ಮೇ ಮಧ್ಯದವರೆಗೆ ಬಿತ್ತಬೇಡಿ. ಒಂದೇ ದಿನ ಎಲ್ಲ ಬಿತ್ತದೆ, ಹತ್ತು ದಿನ ಬಿಟ್ಟು ಇನ್ನರ್ಧ ಬಿತ್ತಿ.

ಹಿಲ್ಸ್‌ಬರೋ ಹಿತ್ತಲು

ಖಂಡಿತ ಬರುತ್ತೇವೆ ಅಕ್ಕ, ಅತ್ತೆಗೆ ಈಗಲೇ ಹೇಳಿದೆ. ಸೇಲಂ ಅವರೇ, ಕೊನೆಯದಾಗಿ ಒಂದು. ಥೀಟಾವನ್ನು ಗಾಳಿ ಬರುವ ದಿಕ್ಕಿಗೆ ಹಾಕಬೇಕಾ?

ಸೇಲಂ ತೋಟ

ದೊಡ್ಡ ತೋಟದಲ್ಲಿ ಅದನ್ನು ಯೋಚಿಸುತ್ತಾರೆ, ಪರಾಗದ ಮರಗಳನ್ನು ಸಾಲುಗಳ ನಡುವೆ ಅಲ್ಲಲ್ಲಿ ಹಾಕುತ್ತಾರೆ. 15 ಅಡಿ ಅಂತರಕ್ಕೆ ಯಾವ ಕಡೆ ಹಾಕಿದರೂ ತಲುಪುತ್ತದೆ. ಆದರೆ ಎರಡಕ್ಕೂ ಹೆಸರಿನ ಚೀಟಿ ಕಟ್ಟಿಡಿ. ಬುಡದ ಕಂದಿನಿಂದ ಹೊಸ ಗಿಡ ಮಾಡಿ ಯಾರಿಗಾದರೂ ಕೊಡುವಾಗ ಅದು ಯಾವುದರದ್ದು ಅಂತ ಗೊತ್ತಿರಬೇಕು.